ಹಗ್ಗದಾಚೆಯ ಮಂಚ

"ಟಿಕೆಟ್ ಎಲ್ಲೋ ಮುದುಕಾ? ನಿಮ್ಮಪ್ಪನ ಆಸ್ತಿ ಅನ್ಕೊಂಡ್ಯಾ, ದಿನಾ ಬೆಳಗಾದ್ರೆ ಬಂದು ನುಗ್ತೀಯಲ್ಲ!"

ಗೇಟಿನ ಕಾವಲಿನವನು ಎದೆಗೆ ಕೈಯಿಟ್ಟು ತಳ್ಳಿದ ರಭಸಕ್ಕೆ ಲಾಳಿಯಣ್ಣ ತತ್ತರಿಸಿ ಹಿಂದೆ ಸರಿದು, ಬುತ್ತಿಡಬ್ಬಿಯನ್ನು ಎದೆಗವಚಿಕೊಂಡು ನಿಂತ. ಬಿದ್ದಿದ್ದರೂ ಡಬ್ಬಿ ಬಿಡುವ ಆಸಾಮಿಯಲ್ಲ ಅವನು. ಅದರೊಳಗೆ ಏನೂ ಇರಲಿಲ್ಲ ಎನ್ನುವುದು ಬೇರೆ ಮಾತು.

"ಕೂಗು ಆಯ್ತಲ್ಲಪ್ಪಾ," ಎಂದ ಅವನು, ಏದುಸಿರು ಬಿಡುತ್ತಾ. "ಮೊದಲ್ನೇ ಪಾಳಿ ನಂದು. ತಡ ಆದ್ರೆ ಮೇಸ್ತ್ರಿ ಬೈತಾನೆ, ಬಿಡು."

"ನಿನ್ ಮೇಸ್ತ್ರಿ ಮಣ್ಣಾಗಿ ಅದರ ಮೇಲೆ ಹುಲ್ಲು ಬೆಳೆದಿದೆ. ನಡಿ ಆಚೆ, ನಡಿ! ಜನ ಬರೋ ಹೊತ್ತು."

ಟಿಕೆಟ್ಟಿಗೆ ಸಾಲು ನಿಂತಿದ್ದವರಲ್ಲಿ ಒಂದಿಬ್ಬರು ಕಿಸಕ್ಕನೆ ನಕ್ಕರು. ಒಬ್ಬಳು ಮೊಬೈಲು ಎತ್ತಿ ಹಿಡಿದಳು.

ಕೂಗು ಎಂದರೆ ಮಿಲ್ಲಿನ ಸೈರನ್ನು. ಬಟ್ಟೆ ಮಿಲ್ಲು ಬೀಗ ಜಡಿದುಕೊಂಡು ಎಷ್ಟೋ ಕಾಲ ಅದು ಚಿಮಣಿಯ ಪಕ್ಕ ತುಕ್ಕು ತಿನ್ನುತ್ತಾ ಬಿದ್ದಿತ್ತು. ಆಮೇಲೆ ಮಿಲ್ಲು ಪಾರಂಪರಿಕ ತಾಣವಾಯಿತು. ಚಿಮಣಿಗೆ ಹೊಸ ಬಣ್ಣ ಬಂತು, ಮಗ್ಗಗಳಿಗೆ ಎಣ್ಣೆ ಬಂತು, ಅಂಗಳಕ್ಕೆ ಹುಲ್ಲುಹಾಸು ಬಂತು; ಕೂಗಿಗೂ ಜೀವ ಬಂತು. ದಿನಾ ಬೆಳಗ್ಗೆ ಗೇಟು ತೆಗೆಯುವಾಗ ಅದನ್ನು ಊದುತ್ತಾರೆ, ದುಡಿಯುವವರ ಕಾಲ ಹೇಗಿತ್ತು ಅಂತ ಬಂದವರಿಗೆ ತಿಳಿಯಲಿ ಎಂದು. ಬಂದವರು ಕಿವಿ ಮುಚ್ಚಿಕೊಂಡು ಖುಷಿಪಡುತ್ತಾರೆ. ಆದರೆ ಜೀವಮಾನವಿಡೀ ಆ ಸದ್ದಿಗೇ ಹಾಸಿಗೆ ಬಿಟ್ಟೆದ್ದವನ ಕಾಲುಗಳಿಗೆ ಅದೆಲ್ಲ ಯಾರು ಹೇಳಬೇಕು? ಲಾಳಿಯಣ್ಣನ ತಲೆಯಲ್ಲಿ ನಿನ್ನೆಯದು ಇವತ್ತಿಗೆ ನಿಲ್ಲುತ್ತಿರಲಿಲ್ಲ. ಮಾಡಿದ್ದು ಮರೆತುಹೋಗುತ್ತಿತ್ತು, ಉಂಡದ್ದು ಮರೆತುಹೋಗುತ್ತಿತ್ತು. ಕೂಗು ಕೇಳಿದ್ದೇ ಸೈ, ಅಂಗಿ ತೊಟ್ಟು ಡಬ್ಬಿ ಹಿಡಿದು ಹೊರಟುಬಿಡುತ್ತಿದ್ದ.

ಒಳಗಿನಿಂದ ಪೊರಕೆ ಹಿಡಿದುಕೊಂಡೇ ಅವನ ಹೆಂಡತಿ ಓಡಿಬಂದಳು. ನೂಲು ವಿಭಾಗದಲ್ಲಿ ಕಡಿದ ಎಳೆಗಳನ್ನು ಜೋಡಿಸುವ ಕೆಲಸದಲ್ಲೇ ತಲೆ ನರೆತವಳು. ಎಲ್ಲರ ಬಾಯಲ್ಲೂ ನೂಲಕ್ಕ. ಈಗ ಗುತ್ತಿಗೆಯವರ ಕೈಕೆಳಗೆ ಅದೇ ಮಿಲ್ಲಿನ ಕಸ ಗುಡಿಸುತ್ತಾಳೆ.

"ಕೈ ತೆಗಿಯೋ! ವಯಸ್ಸಾದ ಮನುಷ್ಯನ್ನ ತಳ್ತೀಯಲ್ಲ, ನಿನ್ ಕೈಗೆ ಹುಳ ಬೀಳ!"

"ಹಾಗಾದ್ರೆ ಮನೇಲಿ ಕಟ್ಟಿಹಾಕ್ಕೋ ನಿನ್ ಗಂಡನ್ನ. ನನ್ ಕೆಲಸಕ್ಕೆ ಕುತ್ತು ತರ್ತೀರಾ ಇಬ್ರೂ."

"ಮನೆ!" ನೂಲಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಮನೆ ಕಿತ್ಕೊಂಡೋರು ನೀವೇ ಅಲ್ವೇನೋ, ಬೋಳಿಮಗನೇ!"

ಕಾವಲಿನವನು ಲಾಠಿ ಎತ್ತುವುದಕ್ಕೂ ಪಾರಂಪರಿಕ ತಾಣದ ನಿರ್ದೇಶಕರ ಕಾರು ಗೇಟಿಗೆ ಬರುವುದಕ್ಕೂ ಸರಿಹೋಯಿತು. ಲಾಠಿ ಎತ್ತಿದ್ದನ್ನು ಕಂಡ ಲಾಳಿಯಣ್ಣ ಡಬ್ಬಿಯನ್ನು ಕಾಲಿನ ಬಳಿಯಿಟ್ಟು, ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿ, ಕಾಲು ಅಗಲಿಸಿ ನಿಂತ. ಮಿಲ್ಲಿನ ಕಾಲದಲ್ಲಿ ಪಾಳಿ ಮುಗಿಸಿ ಹೊರಡುವವರೆಲ್ಲ ಗೇಟಿನಲ್ಲಿ ಹಾಗೆ ನಿಲ್ಲಬೇಕಿತ್ತು. ನೂಲು ಕದ್ದಿದ್ದಾರೋ ಅಂತ ಮೈತಡವಿ ನೋಡಿ ಬಿಡುತ್ತಿದ್ದರು. ಯಾರೂ ಹೇಳದೆಯೇ ಅವನ ಕೈ ಮೇಲೆ ಹೋಗಿತ್ತು.

ನಿರ್ದೇಶಕರು ಕಾರಿನ ಗಾಜು ಇಳಿಸಿದರು. ಸಿಡುಕುತ್ತಾರೆಂದು ನೂಲಕ್ಕ ಕಾದಳು. ಅವರ ಮುಖ ಅರಳಿತು.

"ಆಹಾ, ಎಷ್ಟು ಸಹಜ! ಏ ಕಾವಲು, ಯಾರು ಇವನು?"

"ಹಳೇ ಮಗ್ಗದೋನು ಸಾರ್. ತಲೆ ಕೆಟ್ಟಿದೆ."

"ತಲೆ ಕೆಟ್ಟಿದ್ದೇ ಒಳ್ಳೇದಾಯ್ತು. ಇವನ ಮನೆಯವರನ್ನ ನನ್ನ ಹತ್ರ ಕಳಿಸು."

ಕಾರು ಒಳಗೆ ಹೋಯಿತು. ಲಾಳಿಯಣ್ಣ ಇನ್ನೂ ಕೈ ಎತ್ತಿಕೊಂಡೇ ಇದ್ದ. ನೂಲಕ್ಕ ಅವನ ತೋಳುಗಳನ್ನು ಒಂದೊಂದಾಗಿ ಹಿಡಿದು ಕೆಳಗಿಳಿಸಿದಳು.

*

ಮಿಲ್ಲಿನ ಹಿಂಬದಿಗೆ ಸಾಲುಮನೆಗಳು. ಒಂದಕ್ಕೊಂದು ಬೆನ್ನು ಅಂಟಿಸಿ ಕಟ್ಟಿದ ಒಂಟಿಕೋಣೆಗಳು. ಮಿಲ್ಲು ನಿಂತರೂ ಜನ ಅಲ್ಲೇ ಇದ್ದರು, ಇನ್ನೆಲ್ಲಿಗೆ ಹೋಗಬೇಕು? ಒಂದು ದಿನ ಅಳತೆಯ ಟೇಪು ಹಿಡಿದವರು ಬಂದರು. ಮಾಡು ಸೋರುತ್ತದೆ, ರಿಪೇರಿ ಮಾಡಿಸಿಕೊಡುತ್ತೇವೆ, ಅಲ್ಲಿಯವರೆಗೆ ರೈಲುಹಳಿಯ ಆಚೆ ತಗಡಿನ ಶೆಡ್ಡಿನಲ್ಲಿರಿ, ಸಾಮಾನು ಇಲ್ಲೇ ಇರಲಿ, ಭದ್ರವಾಗಿರುತ್ತದೆ ಎಂದರು. ಜನ ನಂಬಿದರು. ಸೋರುವ ಮಾಡು ಅಂದ ಮೇಲೆ ಯಾರು ನಂಬುವುದಿಲ್ಲ? ರಿಪೇರಿಯೇನೋ ಮುಗಿಯಿತು, ಹೆಂಚು ಫಳಫಳ ಹೊಳೆಯಿತು. ಬಾಗಿಲಿಗೆಲ್ಲ ಹಿತ್ತಾಳೆ ಬೀಗ ಬಿತ್ತು.

ಒಂದು ಮನೆಗೆ ಮಾತ್ರ ಬೀಗವಿಲ್ಲ. ಅದು ನೂಲಕ್ಕನದು. ಗುಜರಿಯಿಂದ ಹೊತ್ತು ತಂದ ಕಬ್ಬಿಣದ ಮಂಚ, ಮಣ್ಣಿನ ಒಲೆ, ಗೋಡೆಯ ಗೂಡು, ನೆಗ್ಗಿದ ಕೊಡ, ಎಲ್ಲ ಆ ಕಾಲದ್ದೇ ಇದೆಯೆಂದು ಅಧಿಕಾರಿಗಳಿಗೆ ಅದು ಬಹಳ ಹಿಡಿಸಿಬಿಟ್ಟಿತ್ತು. ಹೊಸದನ್ನು ಕೊಳ್ಳಲು ಗತಿಯಿಲ್ಲದೆ ಹಳೆಯದು ಉಳಿದಿತ್ತು, ಅಷ್ಟೇ. ಬಾಗಿಲ ಮೇಲೆ 'ಕಾರ್ಮಿಕನ ಮನೆ' ಎಂದು ಹಲಗೆ ಹಾಕಿದರು. ನಡುವೆ ಕೆಂಪು ಹಗ್ಗ ಕಟ್ಟಿ, ಆಚೆಗೆ ಬೊಂಬೆಗಳನ್ನಿಟ್ಟರು. ಮಂಚದ ಮೇಲೆ ಪೇಪರು ಓದುವ ಗಂಡ. ಒಲೆಯ ಮುಂದೆ ನಗುವ ಹೆಂಡತಿ. ಒಲೆಯೊಳಗೆ ಕೆಂಪು ಬಲ್ಬು.

ದಿನಾ ಅದನ್ನು ಗುಡಿಸಿ ಒರೆಸುವ ಪಾಳಿ ನೂಲಕ್ಕನದೇ. ಹಗ್ಗ ದಾಟಬಹುದು, ಆದರೆ ಕೂರುವ ಹಾಗಿಲ್ಲ.

"ನೋಡೇ ನಿನ್ ಸವತೀನ," ಎಂದು ರೇಗಿಸುತ್ತಿದ್ದಳು ಜೊತೆಗೆ ಗುಡಿಸುವ ಕಂಡಿಕೆಯಕ್ಕ. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ವಿಭಾಗದಲ್ಲಿದ್ದವಳು, ಪಕ್ಕದ ಮನೆಯವಳು. ಅವಳ ಬಾಯಿಗೆ ಹೆದರದವರಿಲ್ಲ. "ಎಷ್ಟು ಬೆಳ್ಳಗೆ, ದುಂಡ್ದುಂಡ್ಗೆ! ಒಂದ್ ದಿನಾನೂ ದುಡಿದೋಳಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ."

"ಇರ್ಲಿ ಬಿಡೇ. ನನ್ ಮನೇಲಿರೋ ಯೋಗ ಅವಳಿಗಾದ್ರೂ ಇದೆಯಲ್ಲ."

ನಗುತ್ತಿದ್ದರು ಇಬ್ಬರೂ. ನಗದೆ ಇನ್ನೇನು ಮಾಡುವುದು? ಆದರೆ ತಗಡಿನ ಶೆಡ್ಡಿಗೆ ಮರಳಿದರೆ ನೂಲಕ್ಕನ ನಗು ಅಲ್ಲೇ ಸಾಯುತ್ತಿತ್ತು. ಲಾಳಿಯಣ್ಣನ ಎದೆಯಲ್ಲಿ ಮಿಲ್ಲಿನ ಹತ್ತಿಧೂಳು ಕೂತು ಗಟ್ಟಿಯಾಗಿತ್ತು. ಕಾದ ತಗಡಿನಡಿ ಉಸಿರು ಎಳೆದೆಳೆದು, ಕೆಮ್ಮಿ ಕೆಮ್ಮಿ, ಕೊನೆಗೆ ಒಂದೇ ಮಾತು ಕೇಳುತ್ತಿದ್ದ. "ಇವಳೇ, ಮನೆಗೆ ಯಾವಾಗ ಹೋಗೋಣ?"

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಅವನ ಎದೆ ನೋಡಿ, ಅವಳನ್ನು ಬದಿಗೆ ಕರೆದು, ಇನ್ನು ಕರೆದುಕೊಂಡು ಬರಬೇಡಮ್ಮ ಎಂದಿದ್ದರು. ಅವತ್ತಿನಿಂದ ಅವಳಿಗೆ ಒಂದೇ ಹಠ. ಹೋಗುವುದರೊಳಗೆ ಅವನು ತನ್ನ ಮನೆಯಲ್ಲಿ, ತನ್ನ ಮಂಚದಲ್ಲಿ ಮಲಗಬೇಕು. ಮಗಳನ್ನು ಹೆತ್ತ ಮಂಚ ಅದು, ಮಗಳು ಜ್ವರದಲ್ಲಿ ಕಣ್ಣು ಮುಚ್ಚಿದ ಮಂಚವೂ ಅದೇ.

*

"ಬಾರಮ್ಮ," ಎಂದರು ನಿರ್ದೇಶಕರು, ಮೊಬೈಲಿನಿಂದ ಕಣ್ಣು ಕೀಳದೆ. ಕೂರು ಅನ್ನಲಿಲ್ಲ. "ದೊಡ್ಡ ದೊಡ್ಡ ಅತಿಥಿಗಳು ಬರ್ತಾರೆ. ಅವರು ಒಪ್ಪಿದ್ರೆ ಈ ಮಿಲ್ಲಿನ ಹೆಸರು ಜಗತ್ತಿನ ಪಾರಂಪರಿಕ ತಾಣಗಳ ಪಟ್ಟಿಗೆ ಸೇರುತ್ತೆ. ನಿನ್ನ ಗಂಡ ಅವತ್ತು ಕೂಗು ಕೇಳಿ ಒಳಗೆ ಬರೋದು, ಆಮೇಲೆ ಗೇಟಲ್ಲಿ ಕೈ ಎತ್ತಿ ನಿಲ್ಲೋದು, ಅಷ್ಟು ಮಾಡ್ಲಿ. ನಿನ್ನೆ ಮಾಡಿದ್ನಲ್ಲ, ಹಾಗೇ. ನಟನೆ ಬೇಡ."

"ಅವರಿಗೆ ನಟನೆ ಬರಲ್ಲ ಸಾರ್. ನಿಜ ಅಂತಾನೇ ಬರ್ತಾರೆ."

"ಅದೇ ಬೇಕಾಗಿರೋದು."

ನೂಲಕ್ಕ ಸೆರಗಿನ ತುದಿ ಹಿಂಡಿದಳು. "ಸಾರ್, ಒಂದು ಮಾತು. ಅವರನ್ನ ಒಂದ್ಸಲ ನಮ್ಮನೇಲಿ ಮಲಗಿಸ್ಬೇಕು. ಜಾಸ್ತಿ ದಿನ ಇಲ್ಲ ಅಂದಿದಾರೆ. ನಿಮ್ಮದು ರಜೆ ಇರೋ ದಿನಾನೇ ಆಗ್ಲಿ. ಯಾರಿಗೂ ತೊಂದ್ರೆ ಕೊಡಲ್ಲ."

"ನಿಮ್ಮನೆ ಅಂದ್ರೆ?"

"ಅದೇ ಸಾರ್, ಸಾಲಲ್ಲಿ... ಹಲಗೆ ಹಾಕಿದೀರಲ್ಲ."

ಆಗ ಅವರು ಕಣ್ಣೆತ್ತಿ ನೋಡಿದರು. "ಅದು ಮನೆ ಅಲ್ಲಮ್ಮ ಈಗ, ಪ್ರದರ್ಶನ. ಆ ಮಂಚಕ್ಕೆ ಬೆವರು ತಾಗಬಾರದು. ಮದ್ದು ಹಚ್ಚಿ ಉಳಿಸಿಟ್ಟಿದೀವಿ."

ಆ ಮಂಚಕ್ಕೆ ಬೆವರಲ್ಲದೆ ಬೇರೇನು ತಾಗಿತ್ತು ಅಂತ ಬಾಯಿಗೆ ಬಂತು. ನುಂಗಿಕೊಂಡಳು. ಹಠವಿದ್ದವರು ನುಂಗಲೂ ಕಲಿಯಬೇಕಾಗುತ್ತದೆ.

"ನಿಮ್ ಕಾಲಿಗೆ ಬೀಳ್ತೀನಿ ಸಾರ್."

"ಏ, ಕಾಲು ಗೀಲು ಬೇಡ. ಅತಿಥಿಗಳು ಬಂದುಹೋಗ್ಲಿ. ಇವನು ಚೆನ್ನಾಗಿ ಮಾಡಿದ್ರೆ ಆಮೇಲೆ ಒಂದು ಮಧ್ಯಾಹ್ನ ಬಿಡೋಣ. ಸರಿ ತಾನೇ?"

ಸಂಜೆ ಅದನ್ನು ಕೇಳಿದ ಕಂಡಿಕೆಯಕ್ಕ ಮುಖ ಸಿಂಡರಿಸಿದಳು. "ಮಾಡು ರಿಪೇರಿ ಆಗ್ಲಿ ಅಂದಿದ್ದೂ ಇದೇ ಬಾಯಿ ಅಲ್ವೇನೇ?"

"ಗೊತ್ತು ಕಣೇ."

"ಗೊತ್ತಿದ್ದೂ ಹ್ಞೂ ಅಂದ್ಯಾ?"

"ಅಂದೆ. ಅವನಿಗೆ ಇರೋದು ಒಂದೇ ಆಸೆ. ನಂಗೆ ಇರೋದು ಇದೊಂದೇ ದಾರಿ."

*

ಅತಿಥಿಗಳು ಬರುವ ಬೆಳಗ್ಗೆ ಲಾಳಿಯಣ್ಣನಿಗೆ ಹೊಸ ಅಂಗಿ ತೊಡಿಸಿದರು. ಹೊಸ ಅಂಗಿಗೆ ಬೇಕೆಂದೇ ತೇಪೆ ಹಾಕಿದ್ದರು. ಬಣ್ಣ ಹಚ್ಚುವ ಹುಡುಗಿಯೊಬ್ಬಳು ಅವನ ಕೆನ್ನೆಗೆ ಮಸಿ ಬಳಿದು, ಹಿಂದೆ ಸರಿದು ನೋಡಿ, ಇನ್ನೊಂಚೂರು ಬಳಿದಳು.

"ಮಗ್ಗದಲ್ಲಿ ಮಸಿ ಎಲ್ಲಿಂದ ಬರ್ಬೇಕಮ್ಮ? ನಮ್ದು ಹತ್ತಿ. ಬೆಳ್ಳಗಾಗ್ತಿದ್ವಿ," ಎಂದಳು ನೂಲಕ್ಕ.

"ಬಿಳಿ ಫೋಟೋದಲ್ಲಿ ಕಾಣಲ್ಲ ಅಜ್ಜಿ."

ಕೂಗು ಮೊಳಗಿತು. ಲಾಳಿಯಣ್ಣನ ಬೆನ್ನು ನೆಟ್ಟಗಾಯಿತು. ಗೇಟು ತೆರೆದೇ ಇತ್ತು, ಯಾರೂ ತಳ್ಳಲಿಲ್ಲ. ಕಾವಲಿನವನು ಸಲಾಮು ಬೇರೆ ಹೊಡೆದ. ಕೆಲಸ ಮತ್ತೆ ಸಿಕ್ಕಿತೆಂದು ಆ ಮುದಿಮುಖದಲ್ಲಿ ಬಂದ ಕಳೆ ನೋಡಲಾರದೆ ನೂಲಕ್ಕ ಮುಖ ತಿರುಗಿಸಿದಳು. ಇಕ್ಕೆಲದಲ್ಲೂ ಕೋಟುಗಳು, ಕ್ಯಾಮೆರಾಗಳು. ಮೈಕು ಹಿಡಿದ ಗೈಡು ಶುರುಮಾಡಿದಳು.

"ಒಂದೇ ತಲೆಮಾರಿನಲ್ಲಿ ನೇಗಿಲು ಕೆಳಗಿಟ್ಟು ಯಂತ್ರಕ್ಕೆ ಕೈ ಹಾಕಿದ ನಾಡು ನಮ್ಮದು. ಆ ನೆಗೆತ ಶುರುವಾದದ್ದು ಈ ಅಂಗಳದಿಂದ. ಇಲ್ಲಿ ಮಾಲೀಕರು, ಕಾರ್ಮಿಕರು ಒಂದೇ ಕುಟುಂಬದಂತೆ ಬಾಳಿದರು."

ಹಿಂದೆ ಪೊರಕೆ ಹಿಡಿದು ನಿಂತಿದ್ದ ಕಂಡಿಕೆಯಕ್ಕ ಪಿಸುಗುಟ್ಟಿದಳು. "ಕುಟುಂಬಾನಂತೆ! ಮುಷ್ಕರದಲ್ಲಿ ನಮ್ಮೋರ ಮೇಲೆ ಲಾರಿ ಹತ್ತಿಸಿದ್ರಲ್ಲ, ಅದನ್ನೂ ಹೇಳ್ಲಿ, ಮುಂಡೇದು."

"ಸುಮ್ನಿರೇ, ನಿನ್ ದಮ್ಮಯ್ಯ. ಇವತ್ತೊಂದಿನ."

ಮಗ್ಗದ ಮನೆಯಲ್ಲಿ ಒಂದು ಮಗ್ಗವನ್ನು ಮೋಟಾರಿನಿಂದ ಓಡಿಸುತ್ತಿದ್ದರು. ಲಾಳಿಯಣ್ಣ ಅದರ ಮುಂದೆ ನಿಂತು ಕೈ ಚಾಚಿದ. "ಮುಟ್ಟಬೇಡ," ಎಂದು ಕಾವಲಿನವನು ಅವನ ಮಣಿಕಟ್ಟು ಹಿಡಿದೆಳೆದ. ಅಷ್ಟಕ್ಕೇ ಕೆಮ್ಮು ಬಂತು. ಒಮ್ಮೆ ಬಂದರೆ ನಿಲ್ಲುವ ಕೆಮ್ಮಲ್ಲ ಅದು. ಅವನು ಬಗ್ಗಿ, ಮೊಣಕಾಲು ಹಿಡಿದು, ಕಣ್ಣು ಹೊರಗೆ ಬರುವಂತೆ ಕೆಮ್ಮಿದ. ಅತಿಥಿಗಳು ಸ್ವಲ್ಪ ದೂರ ಸರಿದರು. ಗೈಡು ಮೈಕಿನ ದನಿ ಏರಿಸಿದಳು.

ಪಾಳಿ ಬಿಡುವ ಸಂಜೆಯ ಕೂಗನ್ನು ಅವತ್ತು ಅತಿಥಿಗಳಿಗಾಗಿ ಬಿಸಿಲಿರುವಾಗಲೇ ಊದಿದರು. ಗೇಟಿನಲ್ಲಿ ಲಾಳಿಯಣ್ಣ ಕೈ ಎತ್ತಿದ. ಕಾವಲಿನವನು ಅವನ ಕಂಕುಳು, ಸೊಂಟ, ತೊಡೆ ತಡವಿ, ಚಡ್ಡಿಯ ಬುಡ ಎಳೆದು ನೋಡಿದ. ನಗು ಎದ್ದಿತು. ಅತಿಥಿಗಳಲ್ಲೊಬ್ಬರು ಏನೋ ಕೇಳಿದರು. ಹೆಂಗಸರನ್ನೂ ಹೀಗೇ ನೋಡುತ್ತಿದ್ದರೇ ಅಂತ ಕೇಳುತ್ತಿದ್ದಾರೆ ಎಂದು ಗೈಡು ನಿರ್ದೇಶಕರಿಗೆ ತಿಳಿಸಿದಳು.

"ಓಹೋ, ತೋರಿಸೋಣವಂತೆ," ಎಂದರು ನಿರ್ದೇಶಕರು. "ಏ ಅಮ್ಮ, ಬಾ ಇಲ್ಲಿ. ನೀನೂ ನಿಂತ್ಕೋ."

ಮಿಲ್ಲಿನ ಕಾಲದಲ್ಲಿ ತಪಾಸಣೆ ಹೆಂಗಸು ರವಿಕೆಯೊಳಗೆ ಕೈ ಹಾಕುತ್ತಿದ್ದಳು, ಟೈಮ್‌ಕೀಪರು ಬಾಗಿಲಿಗೆ ಒರಗಿ ನೋಡುತ್ತಿದ್ದ. ನೂಲಕ್ಕ ಮನೆಗೆ ಬಂದು ಮೈ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ಈಗ ತಡವಬೇಕಾದವನು ಈ ಕಾವಲಿನವನು, ಮಗನ ವಯಸ್ಸಿನವನು. ಅವನ ಮುಖವೂ ಕಪ್ಪಿಟ್ಟಿತ್ತು. "ಸಾರ್, ಇವರನ್ನ..." ಎಂದು ತಡವರಿಸಿದ.

"ಸುಮ್ನೆ ಕೈ ಆಡಿಸೋ. ಕಾಯ್ತಿದಾರೆ."

ಮಂಚ, ಎಂದುಕೊಂಡಳು ನೂಲಕ್ಕ. ಒಂದು ಮಧ್ಯಾಹ್ನ. ಕಣ್ಣು ಮುಚ್ಚಿ ಕೈ ಎತ್ತಿದಳು. ಸೊಂಟದ ಮೇಲೆ ಕೈ ಬಿತ್ತು, ಕ್ಯಾಮೆರಾಗಳು ಕ್ಲಿಕ್ಕೆಂದವು. ಕಣ್ಣು ತೆರೆದಾಗ ಅತಿಥಿಗಳು ಮುಂದಕ್ಕೆ ಹೊರಟಾಗಿತ್ತು. ಅವಳು ಓಡುನಡಿಗೆಯಲ್ಲಿ ನಿರ್ದೇಶಕರ ಪಕ್ಕಕ್ಕೆ ಬಂದಳು.

"ಸಾರ್, ಎಲ್ಲ ಮಾಡಿದ್ವಿ. ನಾಳೆ ರಜೆ ಅಲ್ವಾ? ನಾಳೆ ಕರ್ಕೊಂಡ್ ಬರ್ಲಾ?"

"ಏನು ಕರ್ಕೊಂಡ್ ಬರೋದು?"

"ಮಂಚಕ್ಕೆ ಸಾರ್. ಮಾತು ಕೊಟ್ಟಿದ್ರಿ."

ಅವರು ತುಟಿಯಲ್ಲಿ ನಗುವಿಟ್ಟುಕೊಂಡೇ ಹಲ್ಲು ಕಡಿದರು. "ಇದಾ ಹೊತ್ತು? ಅಂಥಾ ರೋಗಿಷ್ಠನ್ನ ಅಲ್ಲಿ ಮಲಗಿಸೋಕಾಗುತ್ತಾ? ಉಗಿದುಗಿದು ಇಡ್ತಾನೆ. ಮೊದಲು ಅವನನ್ನ ಆ ಕಡೆ ಸಾಗಹಾಕು, ಕೆಮ್ಮು ಕೇಳಿಸ್ತಿದೆ."

ನೂಲಕ್ಕ ತಿರುಗಿ ನೋಡಿದಳು. ಗೇಟಿನ ಹತ್ತಿರ ಲಾಳಿಯಣ್ಣ ಇರಲಿಲ್ಲ.

*

ಪಾಳಿ ಮುಗಿದ ಮೇಲೆ ಮನುಷ್ಯ ಎಲ್ಲಿಗೆ ಹೋಗುತ್ತಾನೆ? ಅವನು ಮನೆಗೆ ಹೋಗಿದ್ದ. ಎಷ್ಟೋ ವರ್ಷ ನಡೆದ ದಾರಿ, ಕಾಲು ತಾನಾಗಿ ಎಳೆದುಕೊಂಡು ಹೋಗಿತ್ತು. ಅತಿಥಿಗಳ ಗುಂಪು ಸಾಲುಮನೆಗಳಿಗೆ ಬಂದಾಗ ಅವನು ಹಲಗೆಯ ಕೆಳಗೆ ತಲೆ ಬಗ್ಗಿಸಿ, ಕೆಂಪು ಹಗ್ಗ ದಾಟಿ ಒಳಗೆ ನಿಂತಿದ್ದ. ಮಂಚದ ಮೇಲೆ ಯಾರೋ ಕೂತು ಪೇಪರು ಓದುತ್ತಿದ್ದ.

"ಯಾವೋನೋ ನೀನು?" ಎಂದ ಲಾಳಿಯಣ್ಣ. "ಏಳೋ. ನನ್ ಮಂಚ ಅದು. ಕೇಳಿಸ್ಲಿಲ್ವಾ? ಏಳೋ, ಸೂಳೇಮಗನೇ!"

ಬೊಂಬೆ ಏಳಲಿಲ್ಲ. ಅವನು ಅದರ ಕೊರಳಿಗೆ ಕೈ ಹಾಕಿ ದಬ್ಬಿದ. ತಲೆ ಕಳಚಿ ಉರುಳಿ ಹೊಸ್ತಿಲ ತನಕ ಬಂತು. ಅತಿಥಿಗಳು ಹೋ ಎಂದು ಚಪ್ಪಾಳೆ ತಟ್ಟಿದರು. ಲಾಳಿಯಣ್ಣ ಯಾರನ್ನೂ ನೋಡಲಿಲ್ಲ. ಡಬ್ಬಿಯನ್ನು ಗೂಡಿನಲ್ಲಿಟ್ಟು, ಮಂಚದ ಮೇಲೆ ಮೆಲ್ಲಗೆ ಮೈಚಾಚಿ, ಹಾ ಎಂದು ನಿಟ್ಟುಸಿರು ಬಿಟ್ಟ. ನೂಲಕ್ಕ ಜನರನ್ನು ಸೀಳಿಕೊಂಡು ಬಾಗಿಲಿಗೆ ಬಂದವಳು ಆ ಉಸಿರು ಕೇಳಿದಳು. ತಗಡಿನ ಶೆಡ್ಡಿನಲ್ಲಿ ಒಂದು ದಿನವೂ ಅವನು ಹಾಗೆ ಉಸಿರು ಬಿಟ್ಟಿರಲಿಲ್ಲ.

"ಎಬ್ಬಿಸೋ ಅವನನ್ನ," ನಿರ್ದೇಶಕರು ಕಾವಲಿನವನ ಕಿವಿಯಲ್ಲಿ ಹೇಳಿದರು. "ಅತಿಥಿಗಳಿಗೆ ಕಾಣದ ಹಾಗೆ, ಹಿಂದಿನಿಂದ ಹಿಡ್ಕೋ. ಆ ಮಂಚದ ಬೆಲೆ ಗೊತ್ತಾ ನಿಂಗೆ?"

ಕಾವಲಿನವನು ಒಳಗೆ ಕಾಲಿಟ್ಟ. ನೂಲಕ್ಕ ಅವನ ಎದೆಗೆ ಪೊರಕೆಯ ಹಿಡಿ ಒತ್ತಿ ನಿಂತಳು.

"ಮುಟ್ಟಿದ್ರೆ ನೋಡು."

"ಅಜ್ಜಿ, ನನ್ ಕೆಲಸ ಹೋಗುತ್ತೆ. ದಾರಿ ಬಿಡಿ."

"ಹೋಗ್ಲಿ ಬಿಡು. ನನ್ ಮಾನಾನೂ ಈಗ್ತಾನೆ ನಿನ್ ಕೈಯಲ್ಲೇ ಹೋಯ್ತಲ್ಲ."

ಅವನ ಕಣ್ಣು ಕೆಳಗಾಯಿತು. ಆ ಗಳಿಗೆ ಸಾಕಾಯಿತು ಅವಳಿಗೆ. ದಬ್ಬಿ ಹೊರಗೆ ಹಾಕಿದಳು. ತಲೆಯಿಲ್ಲದ ಗಂಡನನ್ನು ಕಾಲು ಹಿಡಿದು ಎಳೆದು ಅಂಗಳಕ್ಕೆ ಎಸೆದಳು. ಒಲೆಯ ಮುಂದೆ ನಗುತ್ತಿದ್ದವಳ ಜುಟ್ಟು ಹಿಡಿದಳು.

"ಏಳೇ, ಮಾರಿ. ಸಾಕು ನಿನ್ ಸಂಸಾರ!"

ಅದೂ ಅಂಗಳಕ್ಕೆ ಬಿತ್ತು, ಒಬ್ಬ ಅತಿಥಿಯ ಬೂಟಿನ ಮೇಲೆ. ಚಪ್ಪಾಳೆ ನಿಂತಿತು. ಮೈಕು ಕುಂಯ್ ಎಂದಿತು. ಒಲೆಯೊಳಗಿನ ಬಲ್ಬನ್ನು ತಂತಿಯ ಸಮೇತ ಕಿತ್ತು ಅವಳು ನಿರ್ದೇಶಕರತ್ತ ಬೀಸಿದಳು.

"ತಗೊಳ್ಳಿ ಸಾರ್, ನಿಮ್ ಬೆಂಕಿ!"

ಬಾಗಿಲು ಎಳೆದು ಹಾಕಿಕೊಂಡಳು. ಚಿಲಕಕ್ಕೆ ಕೈ ಹಾಕಿದರೆ ಚಿಲಕವಿಲ್ಲ. ಒಳಗೆ ಯಾರೂ ಇರದ ಮನೆಗೆ ಒಳಚಿಲಕ ಯಾಕೆಂದು ರಿಪೇರಿಯವರು ಕಿತ್ತಿದ್ದರು. ನೂಲಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂತು, ಕಾಲನ್ನು ಒಲೆಯ ಕಟ್ಟೆಗೆ ಊರಿದಳು. ಆ ಕೋಣೆ ಎಷ್ಟು ಇಕ್ಕಟ್ಟೆಂದರೆ ಕಾಲು ಸಲೀಸಾಗಿ ಎಟುಕಿತು.

"ಬಾಗಿಲು ತೆಗಿ! ಪೊಲೀಸ್ ಕರೆಸ್ತೀನಿ. ಸರ್ಕಾರಿ ಸ್ವತ್ತು ಇದು!"

"ಕರೆಸಿ! ನಮ್ಮನೇಲಿ ನಾವಿದೀವಿ ಅಂತ ಬರ್ಕೊಂಡು ಹೋಗ್ಲಿ!"

ಮೊದಲ ಗುದ್ದು ಬೆನ್ನಿಗೆ ಬಿತ್ತು. ಹಲ್ಲು ಕಚ್ಚಿದಳು. ಹೊರಗೆ ಕಂಡಿಕೆಯಕ್ಕನ ದನಿ, ಸತ್ತವರನ್ನೂ ಎಬ್ಬಿಸುವ ದನಿ, ಸಾಲಿನ ಉದ್ದಕ್ಕೂ ಕೇಳಿಸಿತು. "ಏನ್ರೇ, ನೋಡ್ತಾ ನಿಂತಿದೀರಾ? ತೋಟದೋನೇ, ಕೊಡೋ ಇಲ್ಲಿ ಹಾರೆ! ನನ್ ಮನೆ ಬೀಗಕ್ಕೂ ಹಬ್ಬ ಮಾಡ್ತೀನಿ ಇವತ್ತು!"

ಕಬ್ಬಿಣಕ್ಕೆ ಹಿತ್ತಾಳೆ ಸಿಡಿದ ಸದ್ದು. ಹುಲ್ಲು ಕತ್ತರಿಸುವವರು, ಕಸ ಗುಡಿಸುವವರು, ಕಕ್ಕಸು ತೊಳೆಯುವವರು, ಎಲ್ಲ ಈ ಸಾಲಿನವರೇ. ಯಾರೋ ಓಡಿದರು, ಯಾರೋ ಕಿರುಚಿದರು, ಯಾರೋ ಸೀಟಿ ಊದಿದರು. ಇನ್ನೊಂದು ಬೀಗ ಸಿಡಿಯಿತು, ಸ್ವಲ್ಪ ದೂರದಲ್ಲಿ. ಅದರಾಚೆ ಮತ್ತೊಂದು.

"ಏನೇ ಅದು ಸದ್ದು?" ಎಂದ ಲಾಳಿಯಣ್ಣ, ಕಣ್ಣು ಮುಚ್ಚಿಕೊಂಡೇ.

"ನಮ್ಮೋರು. ಮನೆಗೆ ಬರ್ತಾ ಇದಾರೆ."

"ಎಲ್ರೂನಾ?"

"ಎಲ್ರೂ. ನೀನು ಮಲಕ್ಕೋ ಮಾರಾಯ."

ಅವನು ಗೋಡೆಯ ಕಡೆ ಮಗ್ಗುಲಾದ. ಗೇಟಿನ ದಿಕ್ಕಿನಿಂದ ಜೀಪುಗಳ ಸದ್ದು ಬಂತು. ಬಾಗಿಲು ಮತ್ತೆ ಬೆನ್ನಿಗೆ ಗುದ್ದಿತು, ಈ ಸಲ ಬೂಟುಗಾಲು. ನೂಲಕ್ಕ ಎರಡೂ ಪಾದಗಳನ್ನು ಒಲೆಯ ಕಟ್ಟೆಗೆ ಇನ್ನಷ್ಟು ಒತ್ತಿದಳು.